ಹೃದ್ರೋಗ ಸಂಶೋಧನೆಯಲ್ಲಿ ಮೂಕಪ್ರಾಣಿಗಳು: ಔಷಧದಾನ ಮತ್ತು ಅಭಯದಾನದ ನಡುವೆ ಜೈನ ಸಮಾಜ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸಾವಿನ ಸುದ್ದಿಗಳು ಬಂದವು. ಮೃತರಲ್ಲಿ ಯುವಕರೂ ಇದ್ದರು. ಶ್ರವಣಬೆಳಗೊಳ ಇರುವ ಜಿಲ್ಲೆಯಾದ್ದರಿಂದ ಜೈನ ಕುಟುಂಬಗಳಲ್ಲಿಯೂ ಆತಂಕ ಹಬ್ಬಿತು. ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲನೆ ನಡೆಸಿತು. ಅಕಾಲಿಕ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ನಂಟು ಕಂಡುಬಂದಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕೊಬ್ಬಿನಂಶದಂತಹ ಹಳೆಯ ಕಾರಣಗಳೇ ಮುಖ್ಯ ಎಂದು ಅದು ವರದಿ ಕೊಟ್ಟಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದಿಂದ ಇನ್ನೊಂದು ಸುದ್ದಿ ಬಂದಿತ್ತು. ಔಷಧಗಳಿಗೆ ಅನುಮತಿ ನೀಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್.ಡಿ.ಎ., ಮೊನೊಕ್ಲೋನಲ್ ಆಂಟಿಬಾಡಿ ಎಂಬ ಬಗೆಯ ಔಷಧಗಳಿಂದ ಮೊದಲುಗೊಂಡು ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆಯನ್ನು ಏಪ್ರಿಲ್ 10ರಂದು ಪ್ರಕಟಿಸಿತು. ಈ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರಲಿಲ್ಲ.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಬೇಕಾಗಿದೆ. ಹೃದಯಾಘಾತಕ್ಕೆ ಔಷಧ ಬೇಕು, ಔಷಧಕ್ಕೆ ಸಂಶೋಧನೆ ಬೇಕು. ಆ ಸಂಶೋಧನೆಯ ಬಹುಭಾಗ ಇಂದಿಗೂ ಇಲಿ, ಮೊಲ, ನಾಯಿ, ಹಂದಿ, ಕುರಿಗಳ ಹೃದಯದ ಮೇಲೆ ನಡೆಯುತ್ತಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಶ್ರಾವಕನ ಕರ್ತವ್ಯವೆಂದು ನಂಬಿರುವ ಸಮಾಜಕ್ಕೆ ಇಲ್ಲಿ ಔಷಧದಾನವೂ ಅಭಯದಾನವೂ ಎದುರುಬದುರಾಗಿ ನಿಂತಂತೆ ಕಾಣುತ್ತದೆ.

ಪ್ರಯೋಗಾಲಯದಲ್ಲಿ ನಡೆಯುವುದೇನು

ಮನುಷ್ಯನಿಗೆ ಹೃದಯಾಘಾತವಾಗುವುದು ಹೃದಯಕ್ಕೆ ರಕ್ತ ಒದಗಿಸುವ ನಾಳ ಮುಚ್ಚಿಕೊಂಡಾಗ. ಪ್ರಯೋಗಾಲಯದಲ್ಲಿ ಇದನ್ನು ಕೃತಕವಾಗಿ ಉಂಟುಮಾಡುತ್ತಾರೆ. ಇಲಿಗೆ ಅರಿವಳಿಕೆ ಕೊಟ್ಟು, ಎದೆ ತೆರೆದು, ಹೃದಯದ ಮುಖ್ಯ ರಕ್ತನಾಳವೊಂದನ್ನು ದಾರದಿಂದ ಕಟ್ಟುತ್ತಾರೆ. ಆ ಭಾಗದ ಸ್ನಾಯು ಸಾಯುತ್ತದೆ. ಕೆಲವು ವಾರ ಬದುಕುಳಿದ ಇಲಿಗಳ ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಇದೇ ಹೃದಯ ವೈಫಲ್ಯದ ಮಾದರಿ.

ಬೇರೆ ವಿಧಾನಗಳೂ ಇವೆ. ಮಹಾಪಧಮನಿಯನ್ನು ಬಿಗಿದು ಹೃದಯದ ಮೇಲೆ ಒತ್ತಡ ಹೇರುವುದು ಒಂದು. ನಾಯಿ ಅಥವಾ ಹಂದಿಯ ಹೃದಯಕ್ಕೆ ಪೇಸ್‌ಮೇಕರ್ ಜೋಡಿಸಿ, ವಾರಗಟ್ಟಲೆ ಅತಿವೇಗದಲ್ಲಿ ಬಡಿಯುವಂತೆ ಮಾಡಿ ದಣಿಸುವುದು ಇನ್ನೊಂದು. ನಮ್ಮ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐಸೊಪ್ರೊಟೆರಿನಾಲ್ ವಿಧಾನ. ಈ ರಾಸಾಯನಿಕವನ್ನು ದೊಡ್ಡ ಪ್ರಮಾಣದಲ್ಲಿ ಎರಡು ದಿನ ಚುಚ್ಚಿದರೆ ಇಲಿಯ ಹೃದಯದ ಸ್ನಾಯುಕೋಶಗಳು ಸಾಯುತ್ತವೆ. ಮೊದಲೇ ಯಾವುದಾದರೂ ಸೊಪ್ಪಿನ ಅಥವಾ ತೊಗಟೆಯ ಸಾರವನ್ನು ಕುಡಿಸಿದ ಇಲಿಗಳಲ್ಲಿ ಹಾನಿ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಅದಕ್ಕಾಗಿ ಕೊನೆಗೆ ಆ ಇಲಿಗಳನ್ನು ಕೊಂದು ಹೃದಯವನ್ನು ಹೊರತೆಗೆಯುತ್ತಾರೆ.

ಇಲಿಯೂ ನಾಯಿಯೂ ಪಂಚೇಂದ್ರಿಯ ಜೀವಿಗಳು. ಅವುಗಳಿಗೆ ನೋವು, ಭಯ ಎರಡೂ ಉಂಟು. ಅರಿವಳಿಕೆಯ ಪ್ರಭಾವ ಇಳಿದ ಮೇಲಿನ ದಿನಗಳು ಅವುಗಳಿಗೆ ಹೇಗಿರುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಒಪ್ಪಿಕೊಳ್ಳಬೇಕಾದ ಋಣ

ಈ ಪ್ರಯೋಗಗಳಿಂದ ಏನೂ ಪ್ರಯೋಜನವಾಗಿಲ್ಲ ಎಂದು ಕೆಲವರು ಸಭೆಗಳಲ್ಲಿ ಹೇಳುವುದುಂಟು. ಅದು ಸತ್ಯವಲ್ಲ. ಸತ್ಯವೂ ನಮ್ಮ ಐದು ವ್ರತಗಳಲ್ಲಿ ಒಂದು.

1977ರಲ್ಲಿ ಅಮೆರಿಕದ ರೀಮರ್ ಮತ್ತು ಜೆನಿಂಗ್ಸ್ ಎಂಬ ವಿಜ್ಞಾನಿಗಳು ನಾಯಿಗಳ ಹೃದಯದ ರಕ್ತನಾಳವನ್ನು ಬೇರೆ ಬೇರೆ ಅವಧಿಗೆ ಕಟ್ಟಿ, 40 ನಿಮಿಷ, 3 ಗಂಟೆ, 6 ಗಂಟೆಗಳ ನಂತರ ಬಿಚ್ಚಿ ನೋಡಿದರು. ಸ್ನಾಯು ಒಮ್ಮೆಲೇ ಸಾಯುವುದಿಲ್ಲ, ಒಳಪದರದಿಂದ ಹೊರಪದರಕ್ಕೆ ಅಲೆಯಂತೆ ಸಾವು ಹರಡುತ್ತದೆ, ಬೇಗ ನಾಳ ತೆರೆದರೆ ಉಳಿದದ್ದನ್ನು ಉಳಿಸಬಹುದು ಎಂದು ತಿಳಿಯಿತು. 1986ರಲ್ಲಿ ಇಟಲಿಯಲ್ಲಿ 11,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ, ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಜೀವ ಉಳಿಯುತ್ತದೆ ಎಂದು ತೋರಿಸಿತು. ಇಂದು ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದರ ಹಿಂದಿರುವುದು ಇದೇ ತಿಳಿವಳಿಕೆ. ಎದೆನೋವು ಬಂದ ಕೂಡಲೇ ಆಸ್ಪತ್ರೆಗೆ ಓಡಬೇಕೆಂಬ ಮಾತಿನ ಹಿಂದೆ ಆ ನಾಯಿಗಳ ಪ್ರಾಣವಿದೆ.

ರಕ್ತದೊತ್ತಡಕ್ಕೆ ಅನೇಕರು ನುಂಗುವ ರಾಮಿಪ್ರಿಲ್, ಎನಲಾಪ್ರಿಲ್ ಮಾತ್ರೆಗಳ ಮೂಲವೂ ಹೀಗೆಯೇ. ಬ್ರೆಜಿಲ್ ದೇಶದ ಒಂದು ಜಾತಿಯ ಮಂಡಲದ ಹಾವಿನ ವಿಷದ ಅಧ್ಯಯನದಿಂದ ಈ ವರ್ಗದ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ತಯಾರಾಯಿತು. ಹೃದಯಾಘಾತ ಉಂಟುಮಾಡಿದ ಇಲಿಗಳಿಗೆ ಅದನ್ನು ಕೊಟ್ಟಾಗ ಅವು ಹೆಚ್ಚು ಕಾಲ ಬದುಕಿದವು. 1992ರಲ್ಲಿ 2,231 ರೋಗಿಗಳ ಅಧ್ಯಯನದಲ್ಲಿಯೂ ಸಾವು ಶೇ. 19ರಷ್ಟು ಕಡಿಮೆಯಾಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಸ್ವದೇಶಿ ಹೃದಯ ಕವಾಟವನ್ನು ಅದಕ್ಕೂ ಮುನ್ನ ಕುರಿಗಳಲ್ಲಿ ಪರೀಕ್ಷಿಸಿದ್ದರು. ಬಡ ರೋಗಿಗಳಿಗೆ ಕಡಿಮೆ ಬೆಲೆಯ ಕವಾಟ ದೊರೆತದ್ದು ಹಾಗೆ.

ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಇಲಿಯ ಹೃದಯ ಹೇಳದ ಸಂಗತಿ

ಇನ್ನೊಂದು ಮುಖವೂ ಅಷ್ಟೇ ಸತ್ಯ. ಚಿಕ್ಕ ಪ್ರಯೋಗಾಲಯ ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಬಾರಿ ಬಡಿಯುತ್ತದೆ, ಮನುಷ್ಯನದು ಸುಮಾರು 72 ಬಾರಿ. ನಾಯಿಯ ಹೃದಯದಲ್ಲಿ ಒಂದು ನಾಳ ಮುಚ್ಚಿದರೆ ಪಕ್ಕದ ಕಿರುನಾಳಗಳಿಂದ ರಕ್ತ ಹರಿಯುತ್ತದೆ, ಹಂದಿಯಲ್ಲಿ ಅಂತಹ ಕಿರುನಾಳಗಳು ತೀರಾ ಕಡಿಮೆ. ಪ್ರಯೋಗದ ಇಲಿ ಎಳೆಯದು, ಆರೋಗ್ಯವಂತ. ಆಸ್ಪತ್ರೆಗೆ ಬರುವ ರೋಗಿಗೆ ಅರವತ್ತು ವರ್ಷ, ಸಕ್ಕರೆ ಕಾಯಿಲೆ, ದಿನಕ್ಕೆ ಐದಾರು ಮಾತ್ರೆ. ಇಲಿಗೆ ಹೃದಯಾಘಾತ ತರುವುದು ದಾರದ ಗಂಟು, ಮನುಷ್ಯನಿಗೆ ತರುವುದು ಇಪ್ಪತ್ತು ಮೂವತ್ತು ವರ್ಷ ನಾಳದಲ್ಲಿ ಕೂಡಿಬಂದ ಕೊಬ್ಬು.

ಹೀಗಾಗಿ ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಮತ್ತೆ ಮತ್ತೆ ಸೋತಿದೆ. ಹೃದಯಕ್ಕೆ ಕೆಲವು ನಿಮಿಷ ರಕ್ತ ತಡೆದು ಬಿಡುವುದನ್ನು ಪುನರಾವರ್ತಿಸಿದರೆ ಮುಂದಿನ ದೊಡ್ಡ ಆಘಾತವನ್ನು ಅದು ತಾಳಿಕೊಳ್ಳುತ್ತದೆ ಎಂದು 1986ರಲ್ಲಿ ನಾಯಿಗಳಲ್ಲಿ ಕಂಡುಬಂತು. ಅಲ್ಲಿಂದ ಮೂರು ದಶಕ ಲೆಕ್ಕವಿಲ್ಲದಷ್ಟು ಪ್ರಾಣಿಗಳ ಮೇಲೆ ಇದೇ ಹಾದಿಯ ಪ್ರಯೋಗಗಳು ನಡೆದವು. ಹೃದಯವನ್ನು ಹಾಗೆ ಕಾಯುತ್ತದೆಂದು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ್ದ ಸೈಕ್ಲೊಸ್ಪೊರಿನ್ ಔಷಧವನ್ನು 970 ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಲಾಭ ಕಾಣಲಿಲ್ಲ. ತೋಳಿಗೆ ಪಟ್ಟಿ ಬಿಗಿದು ಸಡಿಲಿಸುವ ವಿಧಾನವನ್ನು ಯುರೋಪಿನಲ್ಲಿ 5,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶವೂ ಅದೇ.

ಪ್ರಾಣಿಯ ಉತ್ತರ ತಪ್ಪಾಗಿ ಒಳ್ಳೆಯ ಔಷಧವೇ ಕೈತಪ್ಪುವ ಸಂಭವವೂ ಇದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಕೊಲೆಸ್ಟರಾಲ್ ಇಳಿಸುವ ವಸ್ತುವನ್ನು ಪಡೆದರು. ಇಲಿಗಳಿಗೆ ಕೊಟ್ಟಾಗ ಏನೂ ಪರಿಣಾಮವಾಗಲಿಲ್ಲ. ಕೆಲಸ ಅಲ್ಲಿಗೇ ನಿಲ್ಲುವುದರಲ್ಲಿತ್ತು. ಮೊಟ್ಟೆಯಿಡುವ ಕೋಳಿಗಳಲ್ಲಿ ಅದು ಕೆಲಸ ಮಾಡಿದ್ದರಿಂದ ಮುಂದುವರಿಯಿತು. ಇಂದು ಲೋಕವೆಲ್ಲ ನುಂಗುತ್ತಿರುವ ಸ್ಟ್ಯಾಟಿನ್ ಮಾತ್ರೆಗಳ ಆರಂಭ ಅದು. ಇಲಿಯ ಮಾತನ್ನೇ ನಂಬಿದ್ದರೆ ಆ ಔಷಧ ಅಂದೇ ಕಸದ ಬುಟ್ಟಿ ಸೇರುತ್ತಿತ್ತು.

ಹೃದಯ ವೈಫಲ್ಯಕ್ಕೆ ಈಚೆಗೆ ಬಂದ ದೊಡ್ಡ ಔಷಧವೆಂದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು. ಇವು ಸಕ್ಕರೆ ಕಾಯಿಲೆಗೆಂದು ತಯಾರಾದವು. ಸೇಬು ಮರದ ತೊಗಟೆಯಲ್ಲಿ ಸಿಕ್ಕ ವಸ್ತುವೊಂದು ಇವುಗಳ ಪೂರ್ವಜ. ಇವು ಹೃದಯ ವೈಫಲ್ಯವನ್ನು ತಡೆಯುತ್ತವೆ ಎಂಬುದು ಬೆಳಕಿಗೆ ಬಂದದ್ದು 2015ರಲ್ಲಿ, 7,020 ಸಕ್ಕರೆ ರೋಗಿಗಳ ಅಧ್ಯಯನದಲ್ಲಿ. ಪ್ರಾಣಿ ಪ್ರಯೋಗ ಮುಂಚಿತವಾಗಿ ಹೇಳದಿದ್ದುದನ್ನು ರೋಗಿಗಳ ಎಚ್ಚರಿಕೆಯ ಅಧ್ಯಯನ ತೋರಿಸಿಕೊಟ್ಟಿತು.

ಎಲ್ಲಕ್ಕಿಂತ ನೋವಿನ ಪ್ರಕರಣ ಅಮೆರಿಕದ ಪಿಯೆರೊ ಆನ್ವೆರ್ಸಾ ಅವರದು. ಸತ್ತ ಹೃದಯ ಸ್ನಾಯುವನ್ನು ಕಾಂಡಕೋಶಗಳಿಂದ ಮತ್ತೆ ಬೆಳೆಸಬಹುದೆಂದು ಇಲಿಗಳ ಪ್ರಯೋಗದ ಆಧಾರದ ಮೇಲೆ ಅವರ ತಂಡ 2001ರಿಂದ ಹೇಳುತ್ತಾ ಬಂತು. ಬೇರೆ ಪ್ರಯೋಗಾಲಯಗಳಿಗೆ ಅದು ಸಿದ್ಧಿಸಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗ್‌ಹ್ಯಾಮ್ ಆಸ್ಪತ್ರೆ, ಆ ಪ್ರಯೋಗಾಲಯದ 31 ಪ್ರಬಂಧಗಳಲ್ಲಿ ತಿರುಚಿದ ಅಥವಾ ಸೃಷ್ಟಿಸಿದ ಅಂಕಿಅಂಶಗಳಿವೆ, ಅವನ್ನು ಹಿಂಪಡೆಯಬೇಕು ಎಂದು ತಿಳಿಸಿದವು. ಆ ಪ್ರಬಂಧಗಳಿಗಾಗಿ, ಅವನ್ನು ನಂಬಿ ಬೇರೆಯವರು ನಡೆಸಿದ ಕೆಲಸಕ್ಕಾಗಿ ಪ್ರಾಣ ಬಿಟ್ಟ ಇಲಿಗಳು ಯಾವ ರೋಗಿಗೂ ಉಪಕಾರವಾಗಲಿಲ್ಲ.

ಕಾನೂನು ಎಲ್ಲಿಗೆ ಬಂದಿದೆ

ಅಮೆರಿಕದಲ್ಲಿ ಪ್ರಾಣಿ ಪರೀಕ್ಷೆಯ ಬೇರು ಇರುವುದು 1938ರ ಕಾನೂನಿನಲ್ಲಿ. ಅದರ ಹಿಂದಿನ ವರ್ಷ ಪರೀಕ್ಷೆಯಿಲ್ಲದೆ ಮಾರಾಟವಾದ ಒಂದು ದ್ರವ ಔಷಧದಿಂದ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಆ ಕಾನೂನನ್ನು ತಿದ್ದಿ, ಪ್ರಾಣಿ ಪರೀಕ್ಷೆಯ ಬದಲು ಕೋಶಗಳ ಪರೀಕ್ಷೆ, ಕಂಪ್ಯೂಟರ್ ಮಾದರಿ ಮುಂತಾದವುಗಳ ಆಧಾರದ ಮೇಲೆಯೂ ಮನುಷ್ಯರಲ್ಲಿ ಪ್ರಯೋಗಕ್ಕೆ ಅರ್ಜಿ ಹಾಕಬಹುದೆಂದು ಮಾಡಲಾಯಿತು.

ಭಾರತವೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಲಾಯಿತು. 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಕ್ಕೆ ತಂದ ತಿದ್ದುಪಡಿಯಲ್ಲಿ ಮನುಷ್ಯರ ಕೋಶಗಳಿಂದ ಬೆಳೆಸಿದ ಕಿರು ಅಂಗಗಳು, ಚಿಪ್‌ನ ಮೇಲಿನ ಅಂಗಗಳು ಮತ್ತು ಕಂಪ್ಯೂಟರ್ ಮಾದರಿಗಳಿಗೆ ಮನ್ನಣೆ ದೊರೆಯಿತು. ಇದು ಅನುಮತಿ ಮಾತ್ರ. ಪ್ರಾಣಿ ಪರೀಕ್ಷೆಯನ್ನು ನಿಲ್ಲಿಸಿ ಎಂದು ನಿಯಮ ಯಾರಿಗೂ ಹೇಳುವುದಿಲ್ಲ. ಬಾಗಿಲು ತೆರೆದಿದೆ, ಒಳಗೆ ಹೋಗಲು ಪ್ರಯೋಗಾಲಯ, ತರಬೇತಿ, ಹಣ ಬೇಕು.

ಅದಕ್ಕಿಂತ ಹಳೆಯ ಅಸ್ತ್ರವೊಂದು ನಮ್ಮ ಕೈಯಲ್ಲಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಪ್ರಕರಣ ಈ ಆಶಯಗಳನ್ನು ಹೇಳುತ್ತದೆ: ಸಾಧ್ಯವಿರುವ ಕಡೆಯೆಲ್ಲ ಪ್ರಾಣಿ ಪ್ರಯೋಗವನ್ನು ಬಿಡಬೇಕು, ಕೇವಲ ಕೈಚಳಕ ಕಲಿಯಲು ಪ್ರಯೋಗ ಮಾಡಬಾರದು, ಶಸ್ತ್ರಕ್ರಿಯೆ ಇದ್ದರೆ ಅರಿವಳಿಕೆ ಕೊಡಬೇಕು. ಈ ಕಾಯ್ದೆಯ ಅಡಿ ಕೇಂದ್ರದಲ್ಲಿ ಒಂದು ಮೇಲ್ವಿಚಾರಣಾ ಸಮಿತಿ ಇದೆ. ಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಪ್ರಾಣಿ ನೈತಿಕ ಸಮಿತಿ ಇರಬೇಕು. ನಾಯಿ, ಹಂದಿಯಂತಹ ದೊಡ್ಡ ಪ್ರಾಣಿಗಳಿಗೆ ಕೇಂದ್ರ ಸಮಿತಿಯ ಒಪ್ಪಿಗೆ ಬೇಕು. ಇಲಿಯಂತಹ ಚಿಕ್ಕ ಪ್ರಾಣಿಗಳ ವಿಷಯದಲ್ಲಿ ಸಂಸ್ಥೆಯ ಸಮಿತಿಯೇ ತೀರ್ಮಾನಿಸುತ್ತದೆ. ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯುಳ್ಳ ಒಬ್ಬ ಸದಸ್ಯ ಆ ಸಮಿತಿಯಲ್ಲಿ ಕಡ್ಡಾಯವಾಗಿ ಇರಬೇಕು.

ಬದಲಿ ವಿಧಾನಗಳು ಎಷ್ಟು ಬೆಳೆದಿವೆ

ಜಪಾನಿನ ಶಿನ್ಯಾ ಯಾಮಾನಾಕಾ 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ಕಾಂಡಕೋಶವಾಗಿ ಪರಿವರ್ತಿಸಿ ತೋರಿಸಿದರು. 2012ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅಂತಹ ಕೋಶಗಳಿಂದ ಈಗ ಗಾಜಿನ ತಟ್ಟೆಯಲ್ಲಿ ಮಿಡಿಯುವ ಹೃದಯ ಸ್ನಾಯುವನ್ನು ಬೆಳೆಸುತ್ತಾರೆ. ರೋಗಿಯ ರಕ್ತದಿಂದಲೇ ಆ ರೋಗಿಯ ಹೃದಯಕೋಶಗಳನ್ನು ಪಡೆದು ಔಷಧ ಪರೀಕ್ಷಿಸಬಹುದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ 62 ಔಷಧಗಳನ್ನು ಕಂಪ್ಯೂಟರಿನಲ್ಲಿ ರಚಿಸಿದ ಮಾನವ ಹೃದಯಕೋಶಗಳ ಮೇಲೆ ಪರೀಕ್ಷಿಸಿದರು. ಯಾವ ಔಷಧ ಹೃದಯದ ಬಡಿತವನ್ನು ಅಪಾಯಕಾರಿಯಾಗಿ ಕೆಡಿಸುತ್ತದೆ ಎಂಬುದನ್ನು ಶೇ. 89ರಷ್ಟು ಸರಿಯಾಗಿ ಗುರುತಿಸಿದರು. ಮೊಲಗಳ ಪ್ರಯೋಗದಲ್ಲಿ ಇದು ಶೇ. 75ರಷ್ಟಿತ್ತು.

ನಮ್ಮ ದೇಶದ ಉದಾಹರಣೆಯೂ ಇದೆ. ಹೃದಯ ಸ್ನಾಯುವಿನ ಒಂದು ಜೀನ್‌ನಲ್ಲಿ 25 ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವ ದೋಷ ಭಾರತೀಯ ಉಪಖಂಡದ ಸುಮಾರು ಶೇ. 4ರಷ್ಟು ಜನರಲ್ಲಿದೆ, ಅದು ಹೃದಯ ವೈಫಲ್ಯದ ಅಪಾಯ ಹೆಚ್ಚಿಸುತ್ತದೆ ಎಂದು 2009ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳೂ ಇದ್ದ ತಂಡ ಪ್ರಕಟಿಸಿತು. ಜನರ ರಕ್ತದ ಮಾದರಿಗಳಿಂದ ಕಂಡುಕೊಂಡ ಸತ್ಯ ಇದು. ಭಾರತೀಯರ ಈ ದೋಷವನ್ನು ಯಾವ ವಿದೇಶಿ ಇಲಿಯೂ ಮೊದಲು ಹೇಳಲಾರದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಹೃದಯ ಸ್ನಾಯು ರೋಗಗಳ ಅಧ್ಯಯನ ನಡೆದಿದೆ.

ಆದರೂ ಗಾಜಿನ ತಟ್ಟೆಯ ಕೋಶಕ್ಕೆ ಮೂತ್ರಪಿಂಡವಿಲ್ಲ, ಶ್ವಾಸಕೋಶವಿಲ್ಲ, ವಯಸ್ಸಿಲ್ಲ. ಹೃದಯ ಸೋತಾಗ ಇಡೀ ದೇಹ ಸೋಲುತ್ತದೆ. ಅದನ್ನು ತೋರಿಸುವ ಬದಲಿ ವಿಧಾನ ಇನ್ನೂ ಪೂರ್ಣವಾಗಿಲ್ಲ. ನಾಳೆಯೇ ಎಲ್ಲ ಪ್ರಾಣಿ ಪ್ರಯೋಗ ನಿಲ್ಲಲಿ ಎಂದು ಮನವಿ ಪತ್ರ ಕೊಟ್ಟರೆ ಯಾವ ಸರ್ಕಾರವೂ ಕೇಳುವ ಸ್ಥಿತಿಯಲ್ಲಿಲ್ಲ.

ಶ್ರಾವಕನ ಅಳತೆಗೋಲು

ಹಾಗಾದರೆ ಜೈನ ಸಮಾಜ ಏನು ಹೇಳಬೇಕು? ಉತ್ತರ ಶ್ರಾವಕಾಚಾರದಲ್ಲಿಯೇ ಇದೆ. ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಆ ವ್ರತ. ಹಿಂಸೆಯನ್ನು ತಾನು ಮಾಡುವುದಷ್ಟೇ ಅಲ್ಲ, ಮಾಡಿಸುವುದು, ಅನುಮೋದಿಸುವುದು ಕೂಡ ಬಂಧಕ್ಕೆ ಕಾರಣವೆಂದು ಆಚಾರ್ಯರು ಹೇಳಿದ್ದಾರೆ. ಸಂಕಲ್ಪಪೂರ್ವಕ ತ್ರಸ ಜೀವಿಗಳ ಹಿಂಸೆ ಶ್ರಾವಕನಿಗೆ ಸಲ್ಲದು. ಆ ಕಾರಣದಿಂದ ಇಂತಹ ಪ್ರಯೋಗವನ್ನು ಜೈನ ಧರ್ಮ ಎಂದಿಗೂ ಪುಣ್ಯಕಾರ್ಯವೆಂದು ಕರೆಯಲಾರದು. ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಶಕ್ತಿ ಇಲ್ಲದಿರುವಾಗ ಮೊದಲು ನಿಲ್ಲಬೇಕಾದದ್ದು ಅನರ್ಥದಂಡ.

ಈ ಅಳತೆಗೋಲು ಹಿಡಿದರೆ ಎಷ್ಟೋ ಪ್ರಯೋಗಗಳು ಬಯಲಿಗೆ ಬರುತ್ತವೆ. ಬೇರೆಡೆ ಆಗಲೇ ಉತ್ತರ ಸಿಕ್ಕಿರುವ ಪ್ರಶ್ನೆಯನ್ನು ಪದವಿಯ ಪ್ರಬಂಧಕ್ಕಾಗಿ ಮತ್ತೆ ಇಲಿಗಳ ಮೇಲೆ ಕೇಳುವುದು ಅನರ್ಥ. ಮುಂದೆ ರೋಗಿಗಳ ಅಧ್ಯಯನಕ್ಕೆ ಕೊಂಡೊಯ್ಯುವ ಉದ್ದೇಶವೇ ಇಲ್ಲದೆ ಒಂದಾದ ಮೇಲೊಂದು ಗಿಡದ ಸಾರ ಪರೀಕ್ಷಿಸುವುದು ಅನರ್ಥ. ಉತ್ತರ ಕೊಡಲಾರದಷ್ಟು ಕಡಿಮೆ ಸಂಖ್ಯೆಯ ಪ್ರಾಣಿಗಳಿಂದ ಅವಸರದ ಫಲಿತಾಂಶ ತೆಗೆಯುವುದೂ ಅನರ್ಥವೇ, ಏಕೆಂದರೆ ಅಲ್ಲಿ ಹೋದ ಪ್ರಾಣಗಳೆಲ್ಲ ವ್ಯರ್ಥ. ಕೆಟ್ಟ ವಿಜ್ಞಾನವನ್ನು ಒಳ್ಳೆಯ ವಿಜ್ಞಾನಿಗಳೂ ಬಯಸುವುದಿಲ್ಲ. ಈ ಬೇಡಿಕೆಯಲ್ಲಿ ಅವರು ನಮ್ಮ ಜೊತೆ ನಿಲ್ಲುತ್ತಾರೆ.

ಕನ್ನಡ ನಾಡಿನ ಜೈನರಿಗೆ ಈ ವಿಚಾರ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ವೈದ್ಯರ ಮುಂದೆ ಮಾಂಸ ಬಳಸುವ ಚಿಕಿತ್ಸೆ ಬೇಡವೆಂದು ವಾದಿಸಿದವರು ಉಗ್ರಾದಿತ್ಯಾಚಾರ್ಯರು. ಅವರ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯಗ್ರಂಥ. ಅವರು ವೈದ್ಯವನ್ನು ನಿರಾಕರಿಸಲಿಲ್ಲ, ಹಿಂಸೆಯಿಲ್ಲದ ವೈದ್ಯವನ್ನು ಕಟ್ಟಿ ತೋರಿಸಿದರು. ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದು ಮೂಕಪ್ರಾಣಿಗಳಿಗೂ ವೈದ್ಯ ಬೇಕೆಂದು ಸಾರಿದ. ಆ ಹಾದಿ ಇಂದಿಗೂ ತೆರೆದಿದೆ.

ಮಾಡಬಹುದಾದ ಕೆಲಸಗಳು

ಮೊದಲನೆಯದು, ನೈತಿಕ ಸಮಿತಿಗಳಲ್ಲಿ ಭಾಗವಹಿಸುವುದು. ವಿಜ್ಞಾನಿಯಲ್ಲದ ಸದಸ್ಯನ ಸ್ಥಾನ ಅನೇಕ ಕಡೆ ಸಹಿ ಹಾಕುವ ಸ್ಥಾನವಾಗಿಬಿಡುವ ಅಪಾಯವಿದೆ. ನಿವೃತ್ತ ಶಿಕ್ಷಕರು, ವಕೀಲರು, ವ್ಯಾಪಾರಸ್ಥರು, ವಿದ್ಯಾವಂತ ಶ್ರಾವಿಕೆಯರು ಇದಕ್ಕೆ ಸಿದ್ಧರಾಗಬೇಕು. ಪ್ರಾಣಿಯೇ ಏಕೆ ಬೇಕು, ಇಷ್ಟೇ ಸಂಖ್ಯೆ ಏಕೆ, ಇದೇ ಪ್ರಯೋಗ ಹಿಂದೆ ನಡೆದಿದೆಯೇ ಎಂಬುದಕ್ಕೆ ಅರ್ಜಿಯಲ್ಲಿಯೇ ಉತ್ತರ ಬರೆಯಬೇಕಾಗುತ್ತದೆ. ಆ ಉತ್ತರವನ್ನು ಓದಿ ಎರಡನೆಯ ಪ್ರಶ್ನೆ ಕೇಳುವವರು ಒಬ್ಬರಿದ್ದರೂ ಪರಿಣಾಮವಾಗುತ್ತದೆ. ಲೆಕ್ಕಪತ್ರ ನೋಡಿ ಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ.

ಎರಡನೆಯದು, ಔಷಧದಾನದ ಒಂದು ಪಾಲನ್ನು ಸಂಶೋಧನೆಗೆ ತಿರುಗಿಸುವುದು. ಜೈನ ದಾನಿಗಳು ಆಸ್ಪತ್ರೆ, ಡಯಾಲಿಸಿಸ್ ಯಂತ್ರ, ತಪಾಸಣಾ ಶಿಬಿರಗಳಿಗೆ ಧಾರಾಳವಾಗಿ ಕೊಡುತ್ತಾರೆ. ಮಾನವ ಕೋಶಗಳ ಮೇಲೆ, ರೋಗಿಗಳ ದಾಖಲೆಗಳ ಮೇಲೆ, ಕಂಪ್ಯೂಟರ್ ಮಾದರಿಗಳ ಮೇಲೆ ಕೆಲಸ ಮಾಡುವ ಯುವ ವಿಜ್ಞಾನಿಗೆ ಒಂದು ಶಿಷ್ಯವೇತನ ಕೊಟ್ಟರೆ ಅದು ಏಕಕಾಲಕ್ಕೆ ಔಷಧದಾನ, ಶಾಸ್ತ್ರದಾನ, ಅಭಯದಾನ ಮೂರೂ ಆಗುತ್ತದೆ. ಜೈನ ಸಂಸ್ಥೆಗಳು ನಡೆಸುವ ಕಾಲೇಜುಗಳು ಮೊದಲು ತಮ್ಮಲ್ಲಿಯೇ ಇದನ್ನು ಆರಂಭಿಸಬಹುದು.

ಮೂರನೆಯದು, ಪುನರ್ವಸತಿ. ಪ್ರಯೋಗ ಮುಗಿದ ನಾಯಿಯಂತಹ ಪ್ರಾಣಿಗಳ ಮುಂದಿನ ಬದುಕಿನ ಹೊಣೆ ಸಂಸ್ಥೆಯದೆಂದು ನಮ್ಮ ದೇಶದ ಮಾರ್ಗಸೂಚಿ ಹೇಳುತ್ತದೆ. ಗೋಶಾಲೆ, ಪಿಂಜರಾಪೋಲುಗಳನ್ನು ನಡೆಸಿ ಅನುಭವವಿರುವ ಸಮಾಜ ಈ ಪ್ರಾಣಿಗಳಿಗೂ ಆಶ್ರಯ ಕೊಡಲು ಮುಂದೆ ಬರಬೇಕು.

ನಾಲ್ಕನೆಯದು ಮನೆಯೊಳಗಿನದು. ಹಾಸನದ ಪ್ರಕರಣದ ನಂತರ ತಜ್ಞರು ಹೇಳಿದ ಕಾರಣಗಳಲ್ಲಿ ಹೆಚ್ಚಿನವು ಮೊದಲೇ ತಡೆಯಬಹುದಾದವು. ಸಾತ್ವಿಕ ಆಹಾರವೆಂದ ಮಾತ್ರಕ್ಕೆ ಹೃದಯ ಸುರಕ್ಷಿತವಲ್ಲ. ಎಣ್ಣೆಯಲ್ಲಿ ಕರಿದ ತಿಂಡಿ, ಸಿಹಿ, ತುಪ್ಪ, ದಿನವಿಡೀ ಗದ್ದಿಗೆಯ ಮೇಲೆ ಕೂತ ಬದುಕು ನಮ್ಮಲ್ಲಿಯೂ ಇದೆ. ಸೂರ್ಯಾಸ್ತಕ್ಕೆ ಮುನ್ನ ಮಿತವಾದ ಊಟ, ಊನೋದರ ತಪ, ಬೆಳಗಿನ ನಡಿಗೆಯಲ್ಲಿ ಬಸದಿ ದರ್ಶನ ಇವನ್ನು ಉಳಿಸಿಕೊಂಡರೆ ಮಾತ್ರೆಗಳ ಅಗತ್ಯ ಕಡಿಮೆಯಾದೀತು.

ಕೊನೆಗೆ ಒಂದು ಎಚ್ಚರಿಕೆ. ಈ ವಿಷಯ ತಿಳಿದ ಕೆಲವರು ತುರ್ತು ಸಮಯದಲ್ಲಿ ಚುಚ್ಚುಮದ್ದು ಬೇಡವೆನ್ನುವುದುಂಟು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ ಎಂಬುದು ನಿಜ. ಕವಾಟ ಬದಲಾವಣೆಯಂತಹ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಿಜನ್ಯವಲ್ಲದ ಆಯ್ಕೆ ತಮಗೆ ಸೂಕ್ತವೇ ಎಂದು ವೈದ್ಯರನ್ನು ಮುಂಚಿತವಾಗಿ ಕೇಳಬಹುದು, ಕೇಳಬೇಕು. ಎದೆನೋವಿನಿಂದ ನರಳುತ್ತಿರುವ ಹೊತ್ತು ಆ ಚರ್ಚೆಯ ಹೊತ್ತಲ್ಲ. ರೋಗಿ ಅಲ್ಲಿ ಯಾವ ಜೀವಿಯ ಹಿಂಸೆಯನ್ನೂ ಸಂಕಲ್ಪಿಸಿರುವುದಿಲ್ಲ. ಬದುಕಿ ಉಳಿದವರು, ಮುಂದಿನ ರೋಗಿಗೆ ಹಿಂಸೆಯಿಲ್ಲದ ಔಷಧ ದೊರೆಯುವಂತೆ ತನುಮನಧನದಿಂದ ಶ್ರಮಿಸುವುದೇ ಆ ಮೂಕಪ್ರಾಣಿಗಳ ಋಣ ತೀರಿಸುವ ದಾರಿ.